ಕಣ್ಣಿನ ರಕ್ತನಾಳ ಕಟ್ಟಿಕೊಂಡದ್ದಕ್ಕೂ ಗೋಧಿಗೂ ಸಂಬಂಧ ಇದೆಯಾ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು, ಸಸ್ಯಾಹಾರಿಗಳು. ನನ್ನ ತಮ್ಮನಿಗೆ 31 ವರ್ಷ. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಏಳುವಾಗ ಅವನ ಎಡಗಣ್ಣು ಮಂಜಾಗಿತ್ತು. ನೋವೇನೂ ಇರಲಿಲ್ಲ. ರೆಟಿನಾ ಡಾಕ್ಟರು ನೋಡಿ, ಕಣ್ಣಿನ ಮುಖ್ಯ ರಕ್ತನಾಳ ಕಟ್ಟಿಕೊಂಡಿದೆ, ಇದು ಸಿಆರ್‌ವಿಒ ಎಂದರು. ಒಂದು ಇಂಜೆಕ್ಷನ್ ಆಗಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲ ಸರಿಯಾಗಿದೆ. ಸಿಗರೇಟು ಸೇದುವುದಿಲ್ಲ. ಆದರೆ ಹಿಮೋಗ್ಲೋಬಿನ್ 8.9 ಇದೆ, ಹೋಮೊಸಿಸ್ಟೀನ್ 41 ಬಂದಿದೆ. ಎರಡು ವರ್ಷದಿಂದ ಕಬ್ಬಿಣದ ಮಾತ್ರೆ ತಗೊಂಡರೂ ರಕ್ತ ಏರುತ್ತಿಲ್ಲ. ಹೊಟ್ಟೆ ಉಬ್ಬರ ಮೊದಲಿಂದಲೂ ಇದೆ. ಫಿಸಿಶಿಯನ್ ಈಗ ಸೀಲಿಯಾಕ್ ಟೆಸ್ಟ್ ಬರೆದುಕೊಟ್ಟಿದ್ದಾರೆ. ಕಣ್ಣಿಗೂ ಗೋಧಿಗೂ ಏನು ಸಂಬಂಧ? ಅನ್ನ, ಮುದ್ದೆ ತಿನ್ನುವ ನಮ್ಮಂಥವರಿಗೂ ಈ ಕಾಯಿಲೆ ಬರುತ್ತದೆಯೇ? ಟೆಸ್ಟ್ ಇನ್ನೂ ಮಾಡಿಸಿಲ್ಲ, ಹತ್ತು ದಿನದಿಂದ ಚಪಾತಿ ಬಿಡಿಸಿದ್ದೇವೆ. ಸರಿ ತಾನೆ? ಪಥ್ಯ ಮಾಡಿದರೆ ಇಂಜೆಕ್ಷನ್ ನಿಲ್ಲಿಸಬಹುದೇ?

ಉತ್ತರ: ನಮಸ್ಕಾರ. ನಿಮ್ಮ ಕೊನೆಯ ಎರಡು ಪ್ರಶ್ನೆಗಳನ್ನು ಮೊದಲು ತಗೊಳ್ಳುತ್ತೇನೆ. ಅವು ಕಾಯುವಂಥವಲ್ಲ.

ಇಂಜೆಕ್ಷನ್ ನಿಲ್ಲಿಸಬೇಡಿ. ಯಾವ ದಿನ ಬರಲು ಹೇಳಿದ್ದಾರೋ ಆ ದಿನವೇ ಹೋಗಿ. ಗೋಧಿ ಬಿಟ್ಟರೂ, ಬೇರೆ ಏನೇ ಪಥ್ಯ ಮಾಡಿದರೂ, ಈಗಾಗಲೇ ಕಟ್ಟಿಕೊಂಡಿರುವ ನಾಳ ತೆರೆದುಕೊಳ್ಳುವುದಿಲ್ಲ.

ಟೆಸ್ಟಿಗೆ ಮೊದಲೇ ಚಪಾತಿ ಬಿಡಿಸಿದ್ದು ಬೇಡವಾಗಿತ್ತು. ಒಳ್ಳೆಯದಾಗಲಿ ಎಂದೇ ಮಾಡಿದ್ದೀರಿ, ಗೊತ್ತು. ಆದರೆ ಸೀಲಿಯಾಕ್ ರಕ್ತ ಪರೀಕ್ಷೆ ಹುಡುಕುವುದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಳಗೆ ಹೋದಾಗ ದೇಹ ತಯಾರಿಸುವ ಪ್ರತಿಕಾಯಗಳನ್ನು. ಗೋಧಿ ನಿಂತರೆ ಅವು ನಿಧಾನವಾಗಿ ಇಳಿಯುತ್ತವೆ. ಕರುಳಿನ ಗಾಯವೂ ಮಾಯಲು ಶುರುವಾಗುತ್ತದೆ. ಆಮೇಲೆ ಟೆಸ್ಟ್ ಮಾಡಿದರೆ, ಕಾಯಿಲೆ ಇದ್ದರೂ 'ಇಲ್ಲ' ಎಂಬ ವರದಿ ಬರಬಹುದು. ಹತ್ತೇ ದಿನ ಆಗಿರುವುದರಿಂದ ಗಾಬರಿ ಬೇಡ. ಇವತ್ತೇ ಮತ್ತೆ ಮೊದಲಿನಂತೆ ಊಟ ಶುರು ಮಾಡಿ, ಈ ವಾರವೇ ರಕ್ತ ಕೊಡಿಸಿ. ತಿಂಗಳುಗಟ್ಟಲೆ ಬಿಟ್ಟವರಿಗೆ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುವುದು ಹೀಗೆ: ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗ್ಲುಟೆನ್ ಇರುವ ಊಟ ಮಾಡಿ ಆಮೇಲೆ ಟೆಸ್ಟಿಗೆ ಬರಬೇಕು. ವರದಿಯಲ್ಲಿ ಟಿಟಿಜಿ ಐಜಿಎ (ಸೀಲಿಯಾಕ್ ಪ್ರತಿಕಾಯದ ಟೆಸ್ಟ್) ಮತ್ತು ಒಟ್ಟು ಐಜಿಎ ಎರಡೂ ಇರಲಿ. ಐಜಿಎ ಎಂಬುದು ಒಂದು ಬಗೆಯ ಪ್ರತಿಕಾಯ. ಕೆಲವರ ದೇಹದಲ್ಲಿ ಅದು ಹುಟ್ಟಿನಿಂದಲೇ ತೀರಾ ಕಮ್ಮಿ ಇರುತ್ತದೆ. ಅಂಥವರಲ್ಲಿ ಮೊದಲನೆಯ ಟೆಸ್ಟ್ ಸುಮ್ನೆ ನಾರ್ಮಲ್ ಎಂದು ತೋರಿಸುತ್ತದೆ.

ಇನ್ನು ಕಣ್ಣಿನ ಮಾತಿಗೆ ಬರೋಣ. ರೆಟಿನಾ ಎಂದರೆ ಕಣ್ಣಿನ ಹಿಂಭಾಗದ ಪರದೆ. ಅದಕ್ಕೆ ಒಂದು ನಾಳ ರಕ್ತ ತರುತ್ತದೆ, ಇನ್ನೊಂದು ವಾಪಸ್ ಒಯ್ಯುತ್ತದೆ. ಎರಡೂ ದೃಷ್ಟಿನರದ ಒಳಗೇ, ಒಂದೇ ಹೊದಿಕೆಯಲ್ಲಿ, ಒಂದನ್ನೊಂದು ಒತ್ತಿಕೊಂಡು ಸಾಗುತ್ತವೆ. ಅಲ್ಲಿ ಜಾಗ ಬಹಳ ಇಕ್ಕಟ್ಟು. ವಾಪಸ್ ಒಯ್ಯುವ ನಾಳದಲ್ಲಿ ಆ ಇಕ್ಕಟ್ಟಿನ ಹತ್ತಿರ ರಕ್ತ ಹೆಪ್ಪುಗಟ್ಟಿದರೆ ಅದೇ ಸಿಆರ್‌ವಿಒ. ಬಚ್ಚಲ ಕೊಳವೆ ಕಟ್ಟಿಕೊಂಡಾಗ ನೀರು ಹಿಂದಕ್ಕೆ ಏರುವ ಹಾಗೆ ಇಲ್ಲೂ ರಕ್ತ ಹಿಂದಕ್ಕೆ ತುಂಬುತ್ತದೆ. ನಾಳಗಳು ಉಬ್ಬಿ ಸೊಟ್ಟಗಾಗುತ್ತವೆ, ರೆಟಿನಾ ತುಂಬ ರಕ್ತದ ಕಲೆ ಬೀಳುತ್ತದೆ. ರೆಟಿನಾದ ನಡುವಿನ ಮ್ಯಾಕುಲಾ ಎಂಬ ಜಾಗದಲ್ಲಿ ನೀರು ತುಂಬಿ ಊತ ಬರುತ್ತದೆ. ನಾವು ಅಕ್ಷರ ಓದುವುದು, ಮುಖ ಗುರುತಿಸುವುದು ಮ್ಯಾಕುಲಾದಿಂದ. ನಿಮ್ಮ ತಮ್ಮನ ಕಣ್ಣು ಮಂಜಾದದ್ದಕ್ಕೆ ಈ ಊತವೇ ಕಾರಣ ಇರಬೇಕು. ಇಂಜೆಕ್ಷನ್ ಕೊಡುವುದೂ ಅದನ್ನು ಇಳಿಸಲೆಂದೇ.

ಸಾಮಾನ್ಯವಾಗಿ ಇದು ಐವತ್ತು ದಾಟಿದವರ ಕಾಯಿಲೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಗ್ಲಾಕೋಮಾ, ಸಿಗರೇಟು ಇವುಗಳಲ್ಲಿ ಒಂದಾದರೂ ಇರುತ್ತದೆ. ಮೂವತ್ತರ ಆಸುಪಾಸಿನಲ್ಲಿ ಇವು ಯಾವುವೂ ಇಲ್ಲದೆ ಬಂದರೆ, ನಾವು ಕಣ್ಣೊಂದನ್ನೇ ಅಲ್ಲ, ಇಡೀ ದೇಹ ನೋಡಬೇಕಾಗುತ್ತದೆ. ರಕ್ತ ಯಾಕೆ ಸುಲಭವಾಗಿ ಹೆಪ್ಪುಗಟ್ಟುತ್ತಿದೆ ಎಂಬುದು ಆಗಿನ ಪ್ರಶ್ನೆ. ನಿಮ್ಮ ಫಿಸಿಶಿಯನ್ ಅದನ್ನೇ ಕೇಳಿದ್ದಾರೆ. ಸರಿಯಾದ ದಾರಿಯಲ್ಲಿದ್ದಾರೆ ಎಂದು ನನಗನ್ನಿಸುತ್ತದೆ.

ಸೀಲಿಯಾಕ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ವಿರುದ್ಧ ದೇಹ ಕೆರಳಿ, ತನ್ನ ಸಣ್ಣ ಕರುಳಿಗೆ ತಾನೇ ಗಾಯ ಮಾಡಿಕೊಳ್ಳುವ ಕಾಯಿಲೆ. ಇದನ್ನು ಅಲರ್ಜಿ ಎಂದು ಕರೆಯುವವರಿದ್ದಾರೆ. ಅಲರ್ಜಿ ಅಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರ ಹೀರಿಕೊಳ್ಳುವ ಪುಟ್ಟ ಚಾಚುಗಳಿರುತ್ತವೆ. ಸೀಲಿಯಾಕ್‌ನಲ್ಲಿ ಅವು ಸವೆದು ಚಪ್ಪಟೆಯಾಗುತ್ತವೆ. ಕರುಳಿನ ಮೊದಲ ಭಾಗಕ್ಕೇ ಪೆಟ್ಟು ಜಾಸ್ತಿ. ನಮ್ಮ ದೇಹ ಕಬ್ಬಿಣ ಹೀರಿಕೊಳ್ಳುವುದು ಅಲ್ಲೇ, ಫೋಲೇಟ್ ಹೀರಿಕೊಳ್ಳುವುದು ಅದರ ಪಕ್ಕದಲ್ಲೇ. ಮಾತ್ರೆ ನುಂಗಿದರೂ ನಿಮ್ಮ ತಮ್ಮನಿಗೆ ರಕ್ತ ಏರದಿರುವುದಕ್ಕೆ ಇದು ಕಾರಣ ಇರಬಹುದು. ದೊಡ್ಡವರಲ್ಲಿ ಭೇದಿ, ತೂಕ ಇಳಿಯುವುದು ಇರಲೇಬೇಕೆಂದಿಲ್ಲ. ಎಷ್ಟೋ ಜನರಲ್ಲಿ ಮಾತ್ರೆಗೆ ಬಗ್ಗದ ರಕ್ತಹೀನತೆಯೊಂದೇ ಸುಳಿವು.

ಈಗ ಹೋಮೊಸಿಸ್ಟೀನ್. ಇದು ನಾವು ತಿಂದ ಪ್ರೋಟೀನಿನಿಂದ ದೇಹದಲ್ಲೇ ಹುಟ್ಟುವ ಒಂದು ವಸ್ತು. ಫೋಲೇಟ್, ಬಿ12, ಬಿ6 ಈ ಮೂರು ವಿಟಮಿನ್ ಇದ್ದರೆ ದೇಹ ಅದನ್ನು ಬೇರೆ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಉಳಿದು ಏರುತ್ತದೆ. ಸಾಮಾನ್ಯವಾಗಿ 15ರ ಒಳಗಿರಬೇಕು. ತುಂಬಾ ಏರಿದರೆ ರಕ್ತನಾಳದ ಒಳಪದರ ಹಾಳಾಗುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ. ಹುಟ್ಟಿನಿಂದಲೇ ಇದು ವಿಪರೀತ ಏರಿರುವ ಹೋಮೊಸಿಸ್ಟಿನೂರಿಯ ಎಂಬ ಅಪರೂಪದ ಕಾಯಿಲೆಯಲ್ಲಿ ಎಳೆಯ ವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟುತ್ತದೆ.

ಸೀಲಿಯಾಕ್‌ನಿಂದ ಕಣ್ಣಿನವರೆಗೆ ಇರುವ ದಾರಿ ಹೀಗೆ: ಕರುಳು ಸವೆದು ಫೋಲೇಟ್, ಬಿ12 ಕಮ್ಮಿಯಾಗುತ್ತವೆ, ಹೋಮೊಸಿಸ್ಟೀನ್ ಏರುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಇದೊಂದೇ ದಾರಿಯೂ ಅಲ್ಲ. ಕಬ್ಬಿಣ ಕಮ್ಮಿಯಾದಾಗ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಏರುತ್ತವೆ. ಸೀಲಿಯಾಕ್ ಇರುವ ಕೆಲವರಲ್ಲಿ ಗುಲ್ಮ ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗಲೂ ಪ್ಲೇಟ್‌ಲೆಟ್ ಏರುತ್ತವೆ. ಸ್ವೀಡನ್ನಿನಲ್ಲಿ ದೊಡ್ಡ ಸಂಖ್ಯೆಯ ಸೀಲಿಯಾಕ್ ರೋಗಿಗಳ ದಾಖಲೆ ಇಟ್ಟುಕೊಂಡು ನೋಡಿದಾಗ, ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಉಳಿದವರಿಗಿಂತ ಅವರಲ್ಲಿ ಹೆಚ್ಚು ಕಂಡಿದೆ.

ಆದರೆ ಕಣ್ಣಿನ ನಾಳದ ವಿಷಯಕ್ಕೆ ಬಂದರೆ ಸಾಕ್ಷ್ಯ ಅಷ್ಟು ಗಟ್ಟಿ ಇಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಇರುವುದು ಬಿಡಿ ಬಿಡಿ ರೋಗಿಗಳ ವರದಿಗಳು: ಚಿಕ್ಕ ವಯಸ್ಸು, ಕಣ್ಣಿನ ನಾಳ ಕಟ್ಟಿದೆ, ಹುಡುಕಿದಾಗ ಸೀಲಿಯಾಕ್ ಸಿಕ್ಕಿದೆ. ಇಷ್ಟರಿಂದ ಇದೇ ಕಾರಣ ಎಂದು ತೀರ್ಮಾನಿಸಲಾಗುವುದಿಲ್ಲ. ಎರಡೂ ಒಟ್ಟಿಗೆ ಇರುವುದು ಕಾಕತಾಳೀಯವೂ ಆಗಬಹುದು, ಅಲ್ವಾ? ಹೋಮೊಸಿಸ್ಟೀನ್ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಹೃದಯಾಘಾತ ತಡೆಯಲು ವಿಟಮಿನ್ ಕೊಟ್ಟು ಅದನ್ನು ಇಳಿಸಿ ನೋಡಿದ ದೊಡ್ಡ ಪ್ರಯೋಗಗಳು, 2006ರಲ್ಲಿ ಪ್ರಕಟವಾದ ಹೋಪ್-2 ಮತ್ತು ನಾರ್ವಿಟ್, ನಿರೀಕ್ಷೆ ಇಟ್ಟುಕೊಂಡವರಿಗೆ ನಿರಾಶೆ ತಂದವು. ಮಟ್ಟ ಇಳಿಯಿತು, ಹೃದಯಾಘಾತ ಕಮ್ಮಿಯಾಗಲಿಲ್ಲ. ಹಾಗಾಗಿ ಸೀಲಿಯಾಕ್‌ಗೂ ಕಣ್ಣಿಗೂ ಸಂಬಂಧ ಇರುವ ಸಾಧ್ಯತೆ ಇದೆ, ಹುಡುಕುವಷ್ಟು ಗಟ್ಟಿಯಾದ ಸಾಧ್ಯತೆ ಎಂದು ಹೇಳುತ್ತೇನೆ. ಅದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಮಾತು ಸೇರಿಸಬೇಕು. ನೀವು ಸಸ್ಯಾಹಾರಿಗಳು. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಿಂದ. ನಮಗೆ ಹಾಲು, ಮೊಸರು ಅಷ್ಟೇ ಗತಿ, ಅದೂ ಎಷ್ಟೋ ಮನೆಯಲ್ಲಿ ಕಾಫಿಗೆ ಬೇಕಾದಷ್ಟೇ. ಸೀಲಿಯಾಕ್ ಇಲ್ಲದೆಯೂ ನಮ್ಮಲ್ಲಿ ಬಿ12 ಕೊರತೆ ಧಾರಾಳವಾಗಿದೆ. 41 ಎಂಬ ಅಂಕಿ ಬರೀ ಅದರಿಂದಲೇ ಬಂದಿರಬಹುದು. ಥೈರಾಯ್ಡ್ ಕಮ್ಮಿಯಿದ್ದರೆ, ಕಿಡ್ನಿ ಸೋತಿದ್ದರೆ ಕೂಡ ಇದು ಏರುತ್ತದೆ. ಸ್ಯಾಂಪಲ್ ತಗೊಂಡದ್ದು ಹೇಗೆ ಎಂದೂ ಕೇಳಿ. ಹೋಮೊಸಿಸ್ಟೀನ್‌ಗೆ ತೆಗೆದ ರಕ್ತವನ್ನು ಕೂಡಲೇ ಐಸ್‌ನಲ್ಲಿಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸಬೇಕು. ಇಲ್ಲದಿದ್ದರೆ ಕೆಂಪು ರಕ್ತಕಣಗಳಿಂದ ಅದು ಸೋರುತ್ತಲೇ ಇದ್ದು ಅಂಕಿ ಸುಳ್ಳಾಗಿ ಏರುತ್ತದೆ. ಮನೆಗೆ ಬಂದು ರಕ್ತ ತಗೊಂಡ ಹುಡುಗ ಬ್ಯಾಗಿನಲ್ಲಿಟ್ಟುಕೊಂಡು ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸುತ್ತಿದ್ದರೆ ಆ ವರದಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಲ್ಯಾಬಿಗೇ ಹೋಗಿ, ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಕೊಡಿಸಿ. ಬಿ12, ಫೋಲೇಟ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್) ಅದರ ಜೊತೆಗೇ ಆಗಲಿ. ಇವೆಲ್ಲ ಆಗುವವರೆಗೆ ಬಿ12 ಇಂಜೆಕ್ಷನ್ ಶುರು ಮಾಡಬೇಡಿ, ಮಾಡಿದರೆ ಕೊರತೆ ಇತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಒಂದೆರಡು ದಿನದ ಕೆಲಸವಷ್ಟೇ. ಹಾಗೆಯೇ, ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಮಾತ್ರೆ ನುಂಗಿಸಬೇಡಿ. ರಕ್ತ ಏರಿದಂತೆ ಕಂಡರೂ ಒಳಗೆ ನರಗಳು ಹಾಳಾಗುತ್ತಾ ಹೋಗುತ್ತವೆ, ದೃಷ್ಟಿನರ ಕೂಡ. ಎಂಟಿಎಚ್‌ಎಫ್‌ಆರ್ ಎಂಬ ಜೀನ್ ಟೆಸ್ಟಿಗೆ ಯಾರಾದರೂ ಹೇಳಿದರೆ ಆ ದುಡ್ಡು ಉಳಿಸಿಕೊಳ್ಳಿ. ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದಿಲ್ಲ.

ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ವರದಿಯಲ್ಲಿ ಎಂಸಿವಿ ಎಂಬ ಅಂಕಿ ನೋಡಿ. ಅದು ಕೆಂಪು ರಕ್ತಕಣಗಳ ಸರಾಸರಿ ಗಾತ್ರ. ಕಬ್ಬಿಣ ಕಮ್ಮಿಯಾದರೆ ರಕ್ತಕಣ ಚಿಕ್ಕದಾಗುತ್ತದೆ, ಬಿ12 ಅಥವಾ ಫೋಲೇಟ್ ಕಮ್ಮಿಯಾದರೆ ದೊಡ್ಡದಾಗುತ್ತದೆ. ಎರಡೂ ಒಟ್ಟಿಗೆ ಕಮ್ಮಿಯಿದ್ದರೆ ಸರಾಸರಿ ಸರಿಹೋಗಿ ಎಂಸಿವಿ ನಾರ್ಮಲ್ ಎಂದೇ ಬರಬಹುದು. ಸೀಲಿಯಾಕ್‌ನಲ್ಲಿ ಇಂಥ ಜೋಡಿ ಕೊರತೆ ಕಾಣುತ್ತದೆ. ಎಂಸಿವಿ ನಾರ್ಮಲ್, ಆರ್‌ಡಿಡಬ್ಲ್ಯು (ಕಣಗಳ ಗಾತ್ರದ ಏರುಪೇರು) ಜಾಸ್ತಿ ಎಂದಿದ್ದರೆ ಡಾಕ್ಟರ ಗಮನಕ್ಕೆ ತನ್ನಿ.

ರೆಟಿನಾ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: ಬಲಗಣ್ಣಿನಲ್ಲೂ ರಕ್ತದ ಕಲೆಗಳಿವೆಯೇ? ರಕ್ತಹೀನತೆ ಜೋರಾದರೆ, ಯಾವ ನಾಳವೂ ಕಟ್ಟಿಕೊಳ್ಳದೆ ರೆಟಿನಾದಲ್ಲಿ ರಕ್ತಸ್ರಾವ ಆಗಬಹುದು. ಅದು ಸಾಮಾನ್ಯವಾಗಿ ಎರಡೂ ಕಣ್ಣಿನಲ್ಲಿ ಇರುತ್ತದೆ, ರಕ್ತ ಏರಿದ ಮೇಲೆ ತಾನಾಗಿ ಹೋಗುತ್ತದೆ. ಒಂದೇ ಕಣ್ಣು, ಉಬ್ಬಿದ ನಾಳ, ಮ್ಯಾಕುಲಾ ಊತ ಇದ್ದರೆ ಸಿಆರ್‌ವಿಒ ಎಂಬುದು ಸರಿ. ನಮ್ಮ ದೇಶದ ಹರೆಯದ ಗಂಡಸರಲ್ಲಿ ಈಲ್ಸ್ ಎಂಬ ರಕ್ತನಾಳದ ಉರಿಯೂತವೂ ಬರುತ್ತದೆ. ಅದಕ್ಕೂ ಕ್ಷಯದ ಸೋಂಕಿಗೂ ನಂಟಿದೆ ಎಂದು ಬಹಳ ಕಾಲದಿಂದ ನಂಬಲಾಗಿದೆ. ಅದಕ್ಕೇ ಎದೆಯ ಎಕ್ಸ್‌ರೇ, ಕ್ಷಯದ ಟೆಸ್ಟ್ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ಎಂಬ ಪ್ರತಿಕಾಯಗಳ ಟೆಸ್ಟ್ ಇನ್ನೂ ಮುಖ್ಯ. ಅದು ಪಾಸಿಟಿವ್ ಬಂದು, 12 ವಾರದ ನಂತರವೂ ಹಾಗೇ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ಬೇಕಾಗುತ್ತದೆ. ಅದಿಲ್ಲದೆ, ಬರೀ ಸಿಆರ್‌ವಿಒಗೆ ಎಂದು ಆ ಮಾತ್ರೆ ಕೊಡುವುದರಿಂದ ಲಾಭವಿದೆ ಎಂದು ಸಾಬೀತಾಗಿಲ್ಲ.

ಅನ್ನ, ಮುದ್ದೆ ತಿನ್ನುವ ನಮಗೂ ಬರುತ್ತದೆಯೇ ಎಂದಿರಿ. ಬರುತ್ತದೆ, ಆದರೆ ಕಮ್ಮಿ. 2016ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯ ಸಿಕ್ಕಿತು, ದಕ್ಷಿಣದಲ್ಲಿ 0.10. ಈ ಕಾಯಿಲೆಗೆ ಬೇಕಾದ ಡಿಕ್ಯು2, ಡಿಕ್ಯು8 ಎಂಬ ವಂಶಗುಣ ಮಾತ್ರ ಎರಡೂ ಕಡೆ ಹೆಚ್ಚು ಕಮ್ಮಿ ಮೂವರಲ್ಲಿ ಒಬ್ಬರಿಗೆ ಇತ್ತು. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಇವತ್ತಿನ ಬೆಂಗಳೂರಿನ ಊಟ ನೋಡಿ: ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಬೇಕರಿಯ ಬನ್ನು, ರಾತ್ರಿ ಚಪಾತಿ. ನಮ್ಮ ಹಳೆಯ ಊಟ ಕೊಟ್ಟಿದ್ದ ರಕ್ಷಣೆ ಈಗಲೂ ಹಾಗೇ ಉಳಿದಿದೆ ಎಂದು ನಾನು ಧೈರ್ಯವಾಗಿ ಹೇಳಲಾರೆ.

ಚರಿತ್ರೆಯ ಒಂದು ಸಂಗತಿ ನನಗೆ ಯಾವಾಗಲೂ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತು ಎಂದು ನಮ್ಮ ಎಂಟಿಆರ್‌ನವರು ಹೇಳುತ್ತಾರೆ. ಅದೇ ಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂತು. ಊರೆಲ್ಲ ಹಸಿವಿನಲ್ಲಿದ್ದಾಗ ಸೀಲಿಯಾಕ್ ಮಕ್ಕಳು ಕೆಡದೆ ಇದ್ದುದನ್ನು ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರು ಗಮನಿಸಿದರು. ಗೋಧಿಯ ಮೇಲೆ ಅವರಿಗೆ ಅದಕ್ಕೂ ಮೊದಲೇ ಅನುಮಾನ ಇತ್ತು. 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ತೋರಿಸಿಕೊಟ್ಟರು. ಇವತ್ತಿಗೂ ಚಿಕಿತ್ಸೆ ಅವರು ಹೇಳಿದ್ದೇ.

ಟಿಟಿಜಿ ಪಾಸಿಟಿವ್ ಬಂದರೆ ಮುಂದಿನ ಹೆಜ್ಜೆ ಎಂಡೋಸ್ಕೋಪಿ. ಗೋಧಿ ಬಿಡುವುದು ಅದಾದ ಮೇಲೆ. ಕರುಳಿನ ಬೇರೆ ಬೇರೆ ಜಾಗದಿಂದ ನಾಲ್ಕಾರು ಚೂರು ತೆಗೆಯಬೇಕು, ಯಾಕೆಂದರೆ ಗಾಯ ಒಂದೇ ಸಮ ಇರುವುದಿಲ್ಲ. ಟಿಟಿಜಿ ನೆಗೆಟಿವ್ ಇದ್ದು ಚಾಚುಗಳು ಮಾತ್ರ ಸವೆದಿದ್ದರೆ ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ಕಾಯಿಲೆ ನೆನಪಿರಲಿ. ದಕ್ಷಿಣ ಭಾರತಕ್ಕೆ ಅದು ಹಳೆಯ ಪರಿಚಯ. ಅದರಲ್ಲೂ ಬಿ12, ಫೋಲೇಟ್ ಇಳಿಯುತ್ತವೆ. ಅದಕ್ಕೆ ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯಾಟಿಕ್ ಮತ್ತು ಫೋಲಿಕ್ ಆಸಿಡ್ ಕೊಡುತ್ತಾರೆ, ಗೋಧಿ ಬಿಡಬೇಕಾಗಿಲ್ಲ. ನೋಡಿ, ಅಂದಾಜಿನ ಮೇಲೆ ಪಥ್ಯ ಶುರು ಮಾಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಸೀಲಿಯಾಕ್ ಖಚಿತವಾದರೆ ಗ್ಲುಟೆನ್ ಬಿಡುವುದು ಜೀವನಪೂರ್ತಿ. ನಮ್ಮ ಅಡುಗೆಮನೆಯಲ್ಲಿ ಇದು ಪಂಜಾಬಿನವರಿಗೆ ಇರುವಷ್ಟು ಕಷ್ಟ ಅಲ್ಲ. ಮುದ್ದೆ, ಅನ್ನ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ಇಡ್ಲಿ, ಅವಲಕ್ಕಿ, ಸಬ್ಬಕ್ಕಿ ಎಲ್ಲ ಆಗುತ್ತವೆ. ಖಾರಾಬಾತ್, ಕೇಸರಿಬಾತ್, ರವೆ ದೋಸೆ, ಹೋಳಿಗೆ, ಮದ್ದೂರು ವಡೆ ಆಗುವುದಿಲ್ಲ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವೂ ರವೆಯದೇ. ಪ್ರಸಾದ ಎಂದು ಒಂದು ಚಮಚ ಕೊಟ್ಟರೂ ಕರುಳಿಗೆ ಅದು ಗೋಧಿಯೇ. ಬಾಳೆಹಣ್ಣು ಕೊಡಿ.

ಸಿಕ್ಕಿಬೀಳುವುದು ಕಣ್ಣಿಗೆ ಕಾಣದ ಕಡೆ. ಅಂಗಡಿಯ ಡಬ್ಬಿ ಇಂಗಿನಲ್ಲಿ ಬಹಳಷ್ಟು ಸಲ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ದಿನಾ ಸಾರಿನ ಒಗ್ಗರಣೆಗೆ ಬೀಳುವ ವಸ್ತು ಅದು. ಲೇಬಲ್ ಓದಿ, ಗೋಧಿ ಇಲ್ಲದ್ದನ್ನು ತನ್ನಿ. ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ ಸುರಿಯುತ್ತಾರೆ. ಗೋಧಿ ಹಾಕದ ಗಿರಣಿ ಹುಡುಕಬೇಕು, ಇಲ್ಲವೇ ಮನೆಯಲ್ಲೇ ಚಿಕ್ಕ ಯಂತ್ರ ಇಟ್ಟುಕೊಳ್ಳಬೇಕು. ಹಾರ್ಲಿಕ್ಸ್‌ನಂಥ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಗೋಧಿ ಇರುತ್ತವೆ. ಮನೆಯಲ್ಲಿ ಮಾಡಿದ ರಾಗಿ ಹುರಿಹಿಟ್ಟು ಚೆನ್ನ. ಗೋಬಿ ಮಂಚೂರಿಗೆ ಮೈದಾ ಜೊತೆ ಸೋಯಾ ಸಾಸ್ ಬೇರೆ ಬೀಳುತ್ತದೆ, ಅದರಲ್ಲೂ ಗೋಧಿ ಇರುತ್ತದೆ. ಪ್ಯಾಕೆಟ್ ಮೇಲೆ 'ಗ್ಲುಟೆನ್ ಫ್ರೀ' ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ.

ಪಥ್ಯದಿಂದ ಕರುಳು ಮಾಯಲು ದೊಡ್ಡವರಲ್ಲಿ ಎರಡು ವರ್ಷವೂ ಬೇಕಾಗಬಹುದು. ಕಬ್ಬಿಣ, ಬಿ12 ಕೊರತೆ ಇದ್ದರೆ ಅಲ್ಲಿಯವರೆಗೆ ಕಾಯಬಾರದು, ಇಂಜೆಕ್ಷನ್ ಮೂಲಕ ಬೇಗ ತುಂಬಿಸಬಹುದು. ಅದರಿಂದ ಇನ್ನೊಂದು ಕಣ್ಣಿಗೆ, ದೇಹದ ಬೇರೆ ಭಾಗಕ್ಕೆ ಅಪಾಯ ಕಮ್ಮಿಯಾಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬಹುದು. ಎಡಗಣ್ಣಿನ ದೃಷ್ಟಿ ಎಷ್ಟು ವಾಪಸ್ ಬರುತ್ತದೆ ಎಂಬುದು ಮ್ಯಾಕುಲಾ ಎಷ್ಟು ಉಳಿದಿದೆ ಎಂಬುದರ ಮೇಲೆ ನಿಂತಿದೆ. ಅದಕ್ಕೇ ಕಣ್ಣಿನ ಇಂಜೆಕ್ಷನ್ ತಪ್ಪಿಸಬಾರದು ಎಂದು ಇಷ್ಟು ಒತ್ತಿ ಹೇಳುತ್ತಿರುವುದು. ಮೊದಮೊದಲು ತಿಂಗಳಿಗೊಂದು ಬೇಕಾಗುತ್ತದೆ. ಖರ್ಚಿನ ಚಿಂತೆ ಇದ್ದರೆ ಡಾಕ್ಟರಿಗೆ ನೇರವಾಗಿ ಹೇಳಿ. ಕಣ್ಣಿಗೆ ಕೊಡುವ ಇಂಜೆಕ್ಷನ್‌ಗಳಲ್ಲಿ ಕಮ್ಮಿ ಬೆಲೆಯ ಬೆವಾಸಿಜುಮ್ಯಾಬ್, ದುಬಾರಿ ಅಫ್ಲಿಬರ್ಸೆಪ್ಟ್‌ಗೆ ಸಾಟಿಯಾಗಿ ಕೆಲಸ ಮಾಡುತ್ತದೆ ಎಂದು ಇದೇ ಕಾಯಿಲೆಯವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಸ್ಕೋರ್-2 ಪ್ರಯೋಗ ಆರು ತಿಂಗಳ ಲೆಕ್ಕದಲ್ಲಿ ತೋರಿಸಿದೆ. ಮಾರ್ಕೆಟ್ ಹತ್ತಿರದ ಮಿಂಟೋ ಕಣ್ಣಾಸ್ಪತ್ರೆ ಸರ್ಕಾರಿಯದು. ಅದರ ಹತ್ತಿರದಲ್ಲೇ ವಿಕ್ಟೋರಿಯಾ ಇದೆ, ಎರಡೂ ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದವು. ಕಣ್ಣಿಗೂ ಹೊಟ್ಟೆಗೂ ಒಂದೇ ಕಡೆ ತೋರಿಸಲು ಅನುಕೂಲ.

ಮೊದಲ ಆರು ತಿಂಗಳು ಕಣ್ಣಿನ ಮೇಲೆ ನಿಗಾ ಬೇಕು. ಸೌಮ್ಯವಾಗಿ ಶುರುವಾದ ಸಿಆರ್‌ವಿಒಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮೂರು ವರ್ಷದೊಳಗೆ ತೀವ್ರ ಬಗೆಗೆ ತಿರುಗಿದ್ದನ್ನು ಅಮೆರಿಕದ ಅಧ್ಯಯನ ದಾಖಲಿಸಿದೆ. ಹಾಗೆ ತಿರುಗಿದರೆ ಕಣ್ಣಿನ ಒಳಗೆ ಬೇಡದ ಹೊಸ ನಾಳಗಳು ಬೆಳೆದು ಒತ್ತಡ ಏರಬಹುದು. ಹಳೆಯ ಡಾಕ್ಟರುಗಳು ಇದನ್ನು ನೂರು ದಿನದ ಗ್ಲಾಕೋಮಾ ಎನ್ನುತ್ತಿದ್ದರು. ಕಣ್ಣು ಕೆಂಪಾಗಿ ನೋವು ಬಂದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ದೃಷ್ಟಿ ಇನ್ನೂ ಇಳಿದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.

ತಮ್ಮನಿಗೆ ಸೀಲಿಯಾಕ್ ಎಂದು ಬಂದರೆ ನಿಮಗೂ ನಿಮ್ಮ ತಂದೆ ತಾಯಿಗೂ ಅದೇ ಟಿಟಿಜಿ ಟೆಸ್ಟ್ ಮಾಡಿಸಬೇಕು, ಹೊಟ್ಟೆಯ ತೊಂದರೆ ಏನೂ ಇಲ್ಲದಿದ್ದರೂ. ಟೆಸ್ಟ್ ಆಗುವವರೆಗೆ ನೀವು ಯಾರೂ ಚಪಾತಿ ಬಿಡಬಾರದು.